ಮರದ ಮೀನು, ರಬ್ಬರ್ ಮೀನು

ಫೆಬ್ರವರಿ 21, ಶುಕ್ರವಾರ

ಇವತ್ತು ಇವರ ಗಾಳದ ಪೆಟ್ಟಿಗೆ ತೆರೆದೆ. ಇಷ್ಟು ವರ್ಷ ಮಂಚದ ಕೆಳಗೆ ಗುಡಿಸುವಾಗ ಅದನ್ನು ಕಾಲಿನಿಂದ ತಳ್ಳಿದ್ದುಂಟು, ಮುಚ್ಚಳ ಎತ್ತಿದ್ದಿಲ್ಲ.

ತೆರೆಸಿದ್ದು ಡೆಲ್ಮಾ. ಆಸ್ಪತ್ರೆಯಲ್ಲಿ ಇವರಿಗೆ ಕೈಕಾಲಿನ ವ್ಯಾಯಾಮ ಮಾಡಿಸುವ ಹುಡುಗಿ, ನಮ್ಮ ಕಿನ್ನಿಗೋಳಿ ಕಡೆಯವಳು. ನಿನ್ನೆ ನಾನು ಇವರ ಬಾಯಿ ಒರೆಸಿ, ಅಂಗಿಯ ಗುಂಡಿ ಹಾಕಿ, ಚಪ್ಪಲಿ ತೊಡಿಸುವುದನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಹೇಳಿದಳು, "ಅಕ್ಕ, ಅವರ ಎಡಗೈ ಸರಿ ಉಂಟಲ್ವಾ? ಅದಕ್ಕೆ ಎಂತಾದ್ರೂ ಕೆಲಸ ಕೊಡಿ. ಮೊದಲು ಅವರಿಗೆ ಯಾವುದರಲ್ಲಿ ಇಷ್ಟ ಇತ್ತು?"

"ಮೀನು ಹಿಡಿಯುದು" ಅಂದೆ. ನನ್ನ ದನಿಯಲ್ಲಿ ಸ್ವಲ್ಪ ತಾತ್ಸಾರ ಇದ್ದಿರಬೇಕು. ಅವಳು ನಕ್ಕಳು.

ಬರೆದರೆ ತಲೆ ಹಗುರವಾದೀತು ಎಂದು ಈ ಡೈರಿ ಹಿಡಿದಿದ್ದೇನೆ. ಮನೆಯಲ್ಲಿ ಮಾತೆಲ್ಲ ತುಳು, ಬರೆಯಲು ಕೂತರೆ ಶಾಲೆಯಲ್ಲಿ ಕಲಿತ ಕನ್ನಡವೇ ಬರುತ್ತದೆ. ಈಗ ಮಾತಾಡಲೂ ಯಾರೂ ಇಲ್ಲ. ಡಿಸೆಂಬರಿನಲ್ಲಿ ಇವರು ಇಲ್ಲಿ ಕುವೈತಿನ ರಾಯ್ ಪೇಟೆಯ ವರ್ಕ್‌ಶಾಪಿನಲ್ಲಿ ಕಾರಿನ ಸೀಟು ಹೊಲಿಯುತ್ತಾ ಇದ್ದವರು ಹಾಗೆಯೇ ಮಗ್ಗುಲಿಗೆ ವಾಲಿದರಂತೆ. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ, 'ಇಜ್ಜಿ'. ತುಳುವಿನಲ್ಲಿ 'ಇಲ್ಲ' ಎಂದರ್ಥ. ಚಾ ಬೇಕಾ ಎಂದರೂ ಇಜ್ಜಿ, ಬೇಡವಾ ಎಂದರೂ ಇಜ್ಜಿ. ನೋವಾದರೂ ಅದೇ, ಮಗಳ ಫೋನ್ ಬಂದರೂ ಅದೇ. ಯಾವ ಇಜ್ಜಿಗೆ ಯಾವ ಅರ್ಥ ಎಂದು ಕುವೈತಿನಲ್ಲಿ ನನಗೊಬ್ಬಳಿಗೆ ಗೊತ್ತು.

ಪೆಟ್ಟಿಗೆಯಲ್ಲಿ ಎರಡು ಅಂತಸ್ತು. ಮೇಲಿನದರಲ್ಲಿ ಮರದ ಮೀನುಗಳು, ಅಂಗೈ ಉದ್ದದವು. ಊರಿನ ಹಾಲೆಮರ ಕೆತ್ತಿ ಇವರೇ ಮಾಡಿದ್ದು. ತಲೆಗೆ ಕೆಂಪು ಬಣ್ಣ, ಮೈಗೆ ಬಿಳಿ, ಹೊಟ್ಟೆಗೂ ಬಾಲಕ್ಕೂ ಕೊಕ್ಕೆ. ಅವು ಶಾಂಭವಿ ಹೊಳೆಯ ಕೆಂಪು ನೀರಿನಲ್ಲಿ ಕುರುಡಿ ಮೀನು ಹಿಡಿಯಲು. ಕೆಳಗಿನದರಲ್ಲಿ ಇಲ್ಲಿ ಕೊಂಡ ರಬ್ಬರ್ ಮೀನುಗಳು, ಬೆರಳುದ್ದ, ತಲೆಯಲ್ಲಿ ಸೀಸದ ಗುಂಡು. ಅವು ಇಲ್ಲಿಯ ತಿಳಿ ಕಡಲಿಗೆ. ಹಬ್ಬದ ದಿನ ತೆಗೆಯುವ ಬೆಳ್ಳಿ ಪಾತ್ರೆಗಳಂತೆ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ.

ನಾನು ಹೆಜಮಾಡಿಯ ಮೊಗವೀರರ ಮನೆಯವಳು. ನಮ್ಮದು ಬಲೆಯ ಮನೆತನ. ಕೈರಂಪಣಿ ಬಲೆ ದಡಕ್ಕೆ ಬರುವಾಗ ಅಜ್ಜ, ಮಾವ, ದಾರಿಯಲ್ಲಿ ಹೋಗುವವರು, ಎಲ್ಲರೂ ಹಗ್ಗಕ್ಕೆ ಕೈ ಹಾಕಬೇಕು. ಕೈ ಹಾಕಿದವರಿಗೆಲ್ಲ ಪಾಲು. ಒಬ್ಬನೇ ಒಂದು ಕೋಲು ಹಿಡಿದು ಸುಳ್ಳು ಮೀನು ತೋರಿಸಿ ನಿಜ ಮೀನಿಗೆ ಕಾಯುವುದನ್ನು ನಮ್ಮಲ್ಲಿ ಕಸುಬು ಎನ್ನುವುದಿಲ್ಲ. ಅದರ ಮೇಲೆ ಇವರು ಹಿಡಿದ ಮೀನನ್ನು ಎಷ್ಟೋ ಸಲ ತಿರುಗಿ ನೀರಿಗೆ ಬಿಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ನನ್ನ ಅಮ್ಮ ಅದನ್ನು ಕೇಳಿ, ಮಗಳನ್ನು ಎಂಥವನಿಗೆ ಕೊಟ್ಟೆವಪ್ಪ ಎಂದು ಹಣೆ ಚಚ್ಚಿಕೊಂಡಿದ್ದಳು.

ಫೆಬ್ರವರಿ 24

ಮೀನುಗಳನ್ನು ತಟ್ಟೆಯಲ್ಲಿ ಇವರ ಮುಂದೆ ಹರಡಿದೆ. ಚುಚ್ಚಿಕೊಂಡಾರು ಎಂದು ಮೊದಲೇ ಇಕ್ಕಳದಲ್ಲಿ ನಾಲ್ಕೈದರ ಕೊಕ್ಕೆ ಕಿತ್ತಿದ್ದೆ. ಎಡಗೈಯಲ್ಲಿ ಒಂದನ್ನು ಎತ್ತಿದರು, ಹೊಟ್ಟೆ ಸವರಿದರು, ಕೊಕ್ಕೆ ಇಲ್ಲದ್ದು ಗೊತ್ತಾಯಿತು. ತಟ್ಟೆಯನ್ನೇ ದೂಡಿದರು.

ಒಳ್ಳೆಯದು ಮಾಡಲು ಹೋದವಳಿಗೆ ಸಿಕ್ಕಿದ ಮರ್ಯಾದೆ ಇದು.

ಮಾರ್ಚ್ 14, ಶುಕ್ರವಾರ

ಸಂಜೆ ರಂಜಾನಿನ ಉಪವಾಸ ಬಿಟ್ಟ ಮೇಲೆ ಬೀರಾನಾಕ ಬಂದಿದ್ದರು. ಉಳ್ಳಾಲದ ಬ್ಯಾರಿ. ವಫ್ರಾದ ತೋಟಗಳಿಂದ ತರಕಾರಿ ತುಂಬಿ ಅಂಗಡಿಗಳಿಗೆ ಹಾಕುವ ವ್ಯಾನ್ ಅವರದ್ದು. ಇವರ ಶುಕ್ರವಾರದ ಜೊತೆಗಾರ. ಇಬ್ಬರೂ ಬೆಳಿಗ್ಗೆ ಎಗೈಲಾದ ಕಡಲ ಕರೆಗೆ ಹೋಗಿ ಬಿಸಿಲೇರುವ ಹೊತ್ತಿಗೆ ಬರುತ್ತಿದ್ದರು. ಬೀರಾನಾಕ ಕೊಕ್ಕೆಗೆ ಸಿಗಡಿ ಸಿಕ್ಕಿಸುವವರು, ಇವರು ರಬ್ಬರ್ ಮೀನಿನವರು. ಯಾರದ್ದು ಹೆಚ್ಚು ಎಂದು ಜಗಳ.

ಇವರ ತಲೆ ಸವರಿ ಪಕ್ಕದಲ್ಲಿ ಕೂತರು. ಕೊಕ್ಕೆ ಕಿತ್ತ ಮೀನುಗಳನ್ನು ನೋಡಿ ನನ್ನ ಮುಖ ನೋಡಿದರು. ಅಷ್ಟೂ ಮೀನುಗಳಿಗೆ ಹೊಸ ಕೊಕ್ಕೆ ಹಾಕಿಕೊಟ್ಟರು.

"ಹಬ್ಬ ಕಳೀಲಿ ಅಕ್ಷಿತಕ್ಕ. ಗಾಲಿಕುರ್ಚಿಗೆ ಒಂದು ಪೈಪು ಕಟ್ಟುವ. ಗಾಳದ ರಾಡ್ ಪೈಪಿನಲ್ಲಿ ನಿಲ್ತದೆ, ದಾರ ಸುತ್ತುವ ರೀಲಿನ ಹಿಡಿ ಎಡಗಡೆಗೆ ಹಾಕುವ. ಎಸೆದು ಕೊಡ್ಲಿಕ್ಕೆ ಮಾತ್ರ ಒಬ್ಬರು ಬೇಕು."

"ನೀವಿದ್ದೀರಲ್ಲ."

"ನಾನು ನನ್ನ ಸಿಗಡಿ ನೋಡ್ಲಿಕ್ಕಿಲ್ವಾ? ನೀವು ಕಲೀರಿ."

ಹೊರಡುವಾಗ ಬಾಗಿಲಲ್ಲಿ ನಿಂತು ಇವರ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿಯ ಬಗ್ಗೆ ಕೇಳಿದರು. ಹೇಳಿದೆ. ಮೇ ಕೊನೆಯ ತನಕ ಉಂಟು, ವರ್ಕ್‌ಶಾಪಿನವರು ಮುಂದುವರಿಸುವುದಿಲ್ಲವಂತೆ. ನನ್ನ ಹೆಸರಿನಲ್ಲಿ ಗಂಡನನ್ನು ಇಲ್ಲಿ ಇರಿಸಿಕೊಳ್ಳಲು ನನ್ನಂಥ ಕೆಲಸದವರಿಗೆ ದಾರಿಯಿಲ್ಲ. ಮೇ ಮುಗಿಯುವ ಮೊದಲು ಇವರು ಊರಿಗೆ ಹೋಗಲೇಬೇಕು. ಮೂಲ್ಕಿಯಲ್ಲಿ ಹೊಳೆಬದಿಯ ಮನೆಯಲ್ಲಿ ಇವರ ಅಕ್ಕ ಅಪ್ಪಿಯಕ್ಕ ಇದ್ದಾರೆ, ಕಳಿಸು ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಾರೆ. ಮಗಳು ಅಪೇಕ್ಷಾ ಮಂಗಳೂರಿನ ಹಾಸ್ಟೆಲಿನಲ್ಲಿ ಫಾರ್ಮಸಿ ಓದುತ್ತಿದ್ದಾಳೆ, ವಾರಕ್ಕೊಮ್ಮೆ ಹೋಗಿ ಬರಬಹುದು.

ಆದರೆ ಈ ಸ್ಥಿತಿಯಲ್ಲಿ ಇವರೊಬ್ಬರನ್ನೇ ಪಾರ್ಸೆಲ್ ಮಾಡಿದ ಹಾಗೆ ಕಳಿಸುವುದೇ? ನಾನೂ ಕೆಲಸ ಬಿಟ್ಟು ಹೋಗಬೇಕು. ಎಗೈಲಾದ ಮಾಲ್‌ನಲ್ಲಿ ಪರದೆ ಮಡಚುವವಳಾಗಿ ಸೇರಿ ಇವತ್ತು ಆ ಇಡೀ ಮಹಡಿ ನೋಡಿಕೊಳ್ಳುವವಳಾಗಿದ್ದೇನೆ. ಇರಲಿ. ಅದನ್ನೆಲ್ಲ ಈಗ ಯೋಚಿಸುವುದಿಲ್ಲ.

ಏಪ್ರಿಲ್ 4, ಶುಕ್ರವಾರ

ಕಡಲಿಗೆ ಹೋದೆವು. ಕುರ್ಚಿಯನ್ನು ಮರಳಿನ ಮೇಲೆ ತಳ್ಳುವುದೆಂದರೆ ದೋಣಿ ಎಳೆದ ಹಾಗೆ. ಅದು ನನಗೆ ಬರುತ್ತದೆ.

ಎಸೆಯುವುದು ಬರುವುದಿಲ್ಲ. ರೀಲಿನ ತಂತಿ ಎತ್ತಿ, ದಾರವನ್ನು ಬೆರಳಿನಲ್ಲಿ ತಡೆದು, ಕೋಲು ಬೀಸಿ, ಸರಿಯಾದ ಹೊತ್ತಿಗೆ ಬೆರಳು ಬಿಡಬೇಕು. ಬೇಗ ಬಿಟ್ಟರೆ ಮೀನು ತಲೆಯ ಮೇಲೆ ಹಾರುತ್ತದೆ, ತಡವಾದರೆ ಕಾಲಬುಡಕ್ಕೆ ಬೀಳುತ್ತದೆ. ನನ್ನದು ಮೊದಲು ಚೂಡಿದಾರದ ಶಾಲಿಗೆ ಸಿಕ್ಕಿತು, ಆಮೇಲೆ ಬೀರಾನಾಕನ ಟೊಪ್ಪಿಗೆ.

ಒಂದು ಸದ್ದು ಕೇಳಿ ತಿರುಗಿದೆ. ಇವರು ನಗುತ್ತಿದ್ದರು. ಅರ್ಧ ಬಾಯಿಯ ನಗು. ಡಿಸೆಂಬರಿನಿಂದ ಈಚೆಗೆ ಮೊದಲನೆಯದು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ನೀರು ಏರುವ ಹೊತ್ತಿನಲ್ಲಿ ಮೀನು ಕಲ್ಲುಗಳ ಬುಡಕ್ಕೆ ಬರುತ್ತದಂತೆ. ತಿಳಿ ನೀರಿಗೆ ಹೊಗೆ ಬಣ್ಣದ ರಬ್ಬರ್, ಕದಡಿದ ನೀರಿಗೆ ಕಪ್ಪು. ಎಸೆದ ಮೇಲೆ ತಳ ಮುಟ್ಟುವ ತನಕ ಬಿಡಬೇಕು. ದಾರ ಸಡಿಲವಾದರೆ ತಳ ಸಿಕ್ಕಿತೆಂದು ಲೆಕ್ಕ. ಆಮೇಲೆ ಸ್ವಲ್ಪ ಎಳೆಯುವುದು, ಬಿಡುವುದು, ಕಾಯುವುದು. ಎಳೆಯುವಾಗ ಅಲ್ಲ, ಬೀಳುವಾಗಲೇ ಮೀನು ಕಚ್ಚುವುದಂತೆ.

"ನೀವು ಬಾವಿಯಿಂದ ಕೊಡಪಾನ ಎಳೆದ ಹಾಗೆ ಎಳೀತೀರಿ" ಅಂದರು ಬೀರಾನಾಕ. "ಸ್ವಲ್ಪ ಬಿಡ್ಲಿಕ್ಕೂ ಗೊತ್ತಿರ್ಬೇಕು."

ಮೀನು ಬೀಳಲಿಲ್ಲ. ಮನೆಗೆ ಬಂದು ಇವರು ಎರಡು ಸಲ ಬಡಿಸಿಕೊಂಡು ಉಂಡರು.

ಏಪ್ರಿಲ್ 11, ಶುಕ್ರವಾರ

ನಿನ್ನೆಯೆಲ್ಲ ಶಮಾಲ್ ಗಾಳಿ. ಕಿಟಕಿಯ ಸಂದಿಯಲ್ಲಿ ಮಣ್ಣು. ಕಡಲು ನಮ್ಮ ಆಷಾಢದ ಹೊಳೆಯ ಬಣ್ಣಕ್ಕೆ ತಿರುಗಿತ್ತು. ನನಗೆ ಬುದ್ಧಿ ಓಡಿತು, ಹೊಳೆಯ ನೀರಿನ ಬಣ್ಣವಾದರೆ ಹೊಳೆಯ ಮೀನೇ ಸರಿಯಲ್ಲವೇ? ಮರದ ಮೀನೊಂದನ್ನು ದಾರಕ್ಕೆ ಕಟ್ಟಿದೆ.

ಇವರು "ಇಜ್ಜಿ, ಇಜ್ಜಿ" ಎಂದು ಕೈ ಆಡಿಸಿದರು. ಕೇಳಲಿಲ್ಲ. ಎಸೆದೆ. ಅದು ತೆರೆಯ ಮೇಲೆ ಬೆಂಡಿನಂತೆ ತೇಲಿ ತಿರುಗಿ ದಡಕ್ಕೇ ಬಂತು.

"ಎಂತ ಅಕ್ಷಿತಕ್ಕ, ಇದು ಶಾಂಭವಿ ಅಂತ ಗ್ರಹಿಸಿದ್ರಾ?" ಬೀರಾನಾಕ ಕೂತಲ್ಲಿಂದಲೇ ಕೇಳಿದರು. "ಆ ಮರದ್ದು ಹೊಳೆಗೆ ಮಾತ್ರ. ಹರಿಯುವ ನೀರು ಅದಕ್ಕೆ ಜೀವ ಕೊಡ್ತದೆ. ಇಲ್ಲಿ ಅದನ್ನು ಯಾವ ಮೀನೂ ಮೂಸುದಿಲ್ಲ. ಅಲ್ಲಿ ರಬ್ಬರ್ ಹಾಕಿದ್ರೂ ಅಷ್ಟೇ, ಏಡಿ ಬಾಲ ಕಡಿದು ಬಿಡ್ತದೆ. ತಿಲಕ್ ಕೈ ಆಡಿಸಿ ಹೇಳಿದ್ದು ಇದನ್ನೇ."

ಹಾಗಾದರೆ ಅದು ನಿಜವಾದ 'ಇಲ್ಲ' ಆಗಿತ್ತು. ಎಲ್ಲ ಇಜ್ಜಿಗಳೂ ನನಗೆ ಗೊತ್ತು ಅಂದುಕೊಂಡಿದ್ದೆ.

ಏಪ್ರಿಲ್ 18, ಶುಕ್ರವಾರ

ಮೀನು ಸಿಕ್ಕಿತು. ಆಮೇಲೆ ಮನೆಯಲ್ಲಿ ಯುದ್ಧ.

ನಾನು ಎಸೆದು ಕೊಟ್ಟಿದ್ದೆ. ಇವರು ಎಡಗೈಯಲ್ಲಿ ಹಿಡಿ ತಿರುಗಿಸುತ್ತಾ, ನಿಲ್ಲಿಸುತ್ತಾ ಇದ್ದರು. ಇದ್ದಕ್ಕಿದ್ದಂತೆ ಕೋಲು ಬಾಗಿತು, ಪೈಪು ಕಿರುಗುಟ್ಟಿತು. ಇವರ ಕೈಯಿಂದ ಹಿಡಿ ಜಾರಿತು, ಮತ್ತೆ ಹಿಡಿದರು, ಮತ್ತೆ ಜಾರಿತು. ದಾರ ಕಲ್ಲಿನ ಕಡೆಗೆ ಓಡುತ್ತಿತ್ತು. ನನ್ನ ಕೈ ತಾನಾಗಿಯೇ ಹೋಯಿತು. ಕೋಲನ್ನು ಪೈಪಿನಿಂದ ಕಿತ್ತೆ, ಹಿಂದೆ ಹಿಂದೆ ನಡೆದು ಎಳೆದೇ ಎಳೆದೆ. ದಡಕ್ಕೆ ಬಂದದ್ದು ಒಳ್ಳೆಯ ಹಮೂರ್, ನಮ್ಮ ಮುರು ಮೀನಿನ ಜಾತಿ, ಮೊಣಕೈ ಉದ್ದ. ನಾನು ಕುಣಿಯುವುದೊಂದು ಬಾಕಿ. ಬೀರಾನಾಕ ಮಾತ್ರ ಶಹಬ್ಬಾಸ್ ಎನ್ನಲಿಲ್ಲ, ತಮ್ಮ ಸಿಗಡಿ ಡಬ್ಬಿ ಮುಚ್ಚಿದರು.

ಮನೆಗೆ ಬಂದು ಪುಳಿಮುಂಚಿ ಮಾಡಿದೆ. ಹುಣಸೆ, ಒಣಮೆಣಸು, ಸ್ವಲ್ಪ ಓಮ, ಇವರಿಗೆ ಬೇಕಾದ ಹಾಗೆ. ತುಂಡು ಮುಳ್ಳು ಬಿಡಿಸಿ ಬಾಯಿಗೆ ಹಿಡಿದೆ. ಬಾಯಿ ತೆರೆಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ರಾತ್ರಿಯೂ ಉಣ್ಣಲಿಲ್ಲ.

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಡಿಸೆಂಬರಿನಿಂದ ನಾನು ಮಲಗಿದ್ದೆಷ್ಟು, ಎದ್ದದ್ದೆಷ್ಟು, ಕೆಲಸದಿಂದ ಓಡಿ ಬರುವುದು, ಓಡಿ ಹೋಗುವುದು. ನಿಮಗೆ ಮೀನು ಸಿಕ್ಕಲಿ ಎಂದು ತಾನೇ ಎಳೆದದ್ದು? ಇವರು ಗೋಡೆಯನ್ನು ನೋಡುತ್ತಾ ಒಂದು ಇಜ್ಜಿ ಅಂದರು. ಅದರ ಅರ್ಥ ನನಗೆ ಗೊತ್ತಾಗಲಿಲ್ಲ, ಗೊತ್ತಾಗುವುದು ಬೇಕಾಗಿಯೂ ಇರಲಿಲ್ಲ.

ಏಪ್ರಿಲ್ 20

ಬೀರಾನಾಕ ಸೌತೆಕಾಯಿ ಕೊಡುವ ನೆಪದಲ್ಲಿ ಮಾಲ್‌ನ ಹಿಂದಿನ ಗೇಟಿಗೆ ಬಂದಿದ್ದರು.

"ಬೇಜಾರು ಮಾಡ್ಬೇಡಿ, ಒಂದು ಮಾತು ಹೇಳ್ತೇನೆ. ಗಾಳದವರಲ್ಲಿ ಒಂದು ಉಂಟು. ಎಸೆದು ಕೊಡ್ಬಹುದು, ದಾರ ಕಟ್ಟಿ ಕೊಡ್ಬಹುದು. ಮೀನು ಬಿದ್ದ ಮೇಲೆ ಇನ್ನೊಬ್ಬನ ರಾಡ್ ಮುಟ್ಲಿಕ್ಕಿಲ್ಲ. ತಪ್ಪಿಸ್ಕೊಂಡ್ರೆ ತಪ್ಪಿಸ್ಕೊಳ್ಳಲಿ. ಆ ಮೀನು ಅವನದ್ದು, ಅದು ತಪ್ಪಿ ಹೋಗುದೂ ಅವನದ್ದೇ. ಮುಟ್ಟಿದ್ರೆ ಖಲಾಸ್, ಅದು ಅವನ ಮೀನಲ್ಲ."

"ನಮ್ಮಲ್ಲಿ ಕೈ ಹಾಕದೆ ನೋಡುತ್ತಾ ನಿಂತವರಿಗೆ ಬೈತಾರೆ" ಅಂದೆ. "ಹಗ್ಗಕ್ಕೆ ಎಲ್ಲರೂ ಕೈ ಹಾಕ್ಬೇಕು. ಹಾಕದಿದ್ರೆ ಮನುಷ್ಯರೇ ಅಲ್ಲ."

"ಅದು ಬಲೆ, ಅಕ್ಕ. ಬಲೆ ಊರಿನದ್ದು. ಇದು ಒಬ್ಬನದ್ದು."

ಸೌತೆಕಾಯಿ ಚೀಲ ಹಿಡಿದುಕೊಂಡು ಒಳಗೆ ಬಂದೆ. ಸಂಜೆಯ ತನಕ ಪರದೆಗಳ ನಡುವೆ ಆ ಮಾತನ್ನು ಜಗಿಯುತ್ತಾ ಇದ್ದೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಿದ್ದವನನ್ನು ಎತ್ತಬಾರದು ಎನ್ನುವ ಕಾಯಿದೆ ಎಲ್ಲಿಯಾದರೂ ಉಂಟೇ?

ಮೇ 1

ತೀರ್ಮಾನ ಮಾಡಿದೆ. ಕೆಲಸ ಬಿಡುತ್ತೇನೆ. ಮ್ಯಾನೇಜರಿಗೆ ಬಾಯಿಮಾತಿನಲ್ಲಿ ಹೇಳಿ ಇಟ್ಟಿದ್ದೇನೆ, ನೋಟಿಸಿನ ಅವಧಿ ಕಡಿಮೆ ಮಾಡಿ ಬೇಗ ಬಿಡುತ್ತೇನೆ ಅಂದಿದ್ದಾರೆ. ರಾಜೀನಾಮೆಯ ಕಾಗದ ಕೊಡುವುದು ಹದಿನೆಂಟಕ್ಕೆ.

ರಾತ್ರಿ ಇವರ ಪಕ್ಕದಲ್ಲಿ ಕೂತು ಹೇಳಿದೆ. "ನಾವಿಬ್ಬರೂ ಒಟ್ಟಿಗೆ ಊರಿಗೆ ಹೋಗುವ, ಆಗದಾ?" ಇಜ್ಜಿ. "ಮತ್ತೆ ನೀವೊಬ್ಬರೇ ಹೋಗ್ತೀರಾ?" ಇಜ್ಜಿ. "ಇಲ್ಲೇ ಇರ್ಲಿಕ್ಕಾಗುದಿಲ್ಲ ಅಂತ ಗೊತ್ತುಂಟಲ್ಲ?" ಇಜ್ಜಿ.

ಕಣ್ಣು ಮಾತ್ರ ನನ್ನ ಮೇಲೆ ನೆಟ್ಟಿದ್ದರು. ಒಳಗೆ ಎಲ್ಲ ಮಾತೂ ಇದೆ, ಬಾಗಿಲಿಗೆ ಬಂದಾಗ ಒಂದೇ ಆಗುತ್ತದೆ. ಅದನ್ನು ನೋಡುವುದಕ್ಕಿಂತ ದೊಡ್ಡ ಸಂಕಟ ಇನ್ನೊಂದಿಲ್ಲ.

ಅಪೇಕ್ಷಾ ಫೋನಿನಲ್ಲಿ ಕೇಳಿದಳು, "ವಾಟ್ ಡಸ್ ಡ್ಯಾಡಿ ವಾಂಟ್, ಅಮ್ಮಾ?"

"ಅವರಿಗೆ ಹೇಳ್ಲಿಕ್ಕೆ ಆಗುದಿಲ್ಲ ಮಗಾ."

"ಯಾ, ಬಟ್ ಡಿಡ್ ಯು ವೇಯ್ಟ್?"

ಹುಟ್ಟಿದಾಗಿನಿಂದ ತುಳುವಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಇವತ್ತು ಆ ಇಂಗ್ಲಿಷ್ ಸರಿಯಾಗಿ ನಾಟಿತು.

ಮೇ 9, ಶುಕ್ರವಾರ

ಬೆಳಿಗ್ಗೆ ಇವರು ಗುಂಡಿ ಹಾಕಿಕೊಳ್ಳುವಾಗ ಒಂದು ಮೇಲೆ ಕೆಳಗಾಯಿತು. ಹೊರಡಲು ತಡವಾಗಿತ್ತು, ಹಾಗೆಯೇ ಬಿಟ್ಟೆ.

ಈಗ ನನಗೆ ಎಸೆಯಲು ಚೆನ್ನಾಗಿ ಬರುತ್ತದೆ. ಎರಡು ಕಲ್ಲುಗಳ ನಡುವೆ ಬೀಳಬೇಕೆಂದರೆ ಅಲ್ಲಿಯೇ ಬೀಳುತ್ತದೆ. ಬೆಳಕು ಹರಿಯುವ ಮೊದಲು ಕಪ್ಪು ರಬ್ಬರ್, ಸೂರ್ಯ ಮೇಲೆ ಬಂದ ಮೇಲೆ ಹೊಗೆ ಬಣ್ಣದ್ದು. ಬೀರಾನಾಕ ಈಗ ನನ್ನನ್ನು ಕೇಳಿ ಜಾಗ ಹಿಡಿಯುತ್ತಾರೆ.

ಎಂಟು ಗಂಟೆಯ ಹೊತ್ತಿಗೆ ಕೋಲು ಬಾಗಿತು. ನಾನು ಕೈಗಳನ್ನು ಹಿಂದೆ ಕಟ್ಟಿಕೊಂಡೆ. ಇವರ ಕೈ ಜಾರಿತು, ಹಿಡಿದರು, ಜಾರಿತು. ದಾರ ಕಲ್ಲಿನ ಕಡೆಗೆ ಓಡಿತು. ನನ್ನ ಒಂದು ಕೈಯನ್ನು ಇನ್ನೊಂದು ಕೈ ಹಿಡಿದಿತ್ತು, ಉಗುರು ಚುಚ್ಚುವಷ್ಟು. ಕಣ್ಣೆದುರೇ ಒಂದು ಒಳ್ಳೆಯ ಮೀನು ಹೋಗುವುದನ್ನು ನಮ್ಮ ಮನೆತನದಲ್ಲಿ ಯಾರೂ ಹೀಗೆ ನಿಂತು ನೋಡಿರಲಿಕ್ಕಿಲ್ಲ. ದಾರ ಕಡಿಯಿತು.

ಇವರು ದಾರದ ತುದಿಯನ್ನು ತಾವೇ ಎಡಗೈಗೆ ಸುತ್ತಿಕೊಂಡು ಹಲ್ಲಿನಲ್ಲಿ ಕಚ್ಚಿ ಸರಿ ಮಾಡಿದರು, ಹೊಸ ರಬ್ಬರ್ ಮೀನು ಕಟ್ಟಲು ನನ್ನ ಕಡೆ ಚಾಚಿದರು. ಮುಖದಲ್ಲಿ ಬೇಸರವಿರಲಿಲ್ಲ. ಮೊದಲು ವರ್ಕ್‌ಶಾಪಿನಿಂದ ಬಂದು ಚಾ ಕುಡಿಯುವಾಗ ಇರುತ್ತಿದ್ದ ಮುಖ ಅದು.

ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ. ಚಮಚ ಅವರ ಕೈಯಲ್ಲಿಯೇ. ಅರ್ಧ ಅಂಗಿಯ ಮೇಲೆ ಬಿತ್ತು, ಒಗೆದರಾಯಿತು.

ಮೇ 16, ಶುಕ್ರವಾರ

ನಿಧಾನವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಬರೆಯಲಾಗುವುದಿಲ್ಲ.

ಇವತ್ತು ಇವರ ಸೂಟ್‌ಕೇಸ್ ತುಂಬಲು ಕೂತೆ. ಟಿಕೆಟ್ ಇಪ್ಪತ್ತಮೂರಕ್ಕೆ. ಬಕ್ರೀದಿಗೆ ಊರಿಗೆ ಹೋಗುವ ಬೀರಾನಾಕನೂ ಅದೇ ವಿಮಾನದಲ್ಲಿ ಜೊತೆಗಿರುತ್ತಾರೆ. ನಾನು ಎರಡು ವಾರ ಕಳೆದು, ಕೆಲಸ ಮುಗಿಸಿ, ಮನೆ ಖಾಲಿ ಮಾಡಿ ಹೊರಡುವುದೆಂದು ಲೆಕ್ಕ. ಬಟ್ಟೆಗಳ ಮೇಲೆ ಗಾಳದ ಪೆಟ್ಟಿಗೆ ಇಟ್ಟೆ. ಇವರು ಕೈ ಚಾಚಿದರು. ನೋಡಬೇಕೆಂದಿರಬೇಕು ಎಂದು ತೆಗೆದುಕೊಟ್ಟೆ.

ಮುಚ್ಚಳ ತೆರೆದು ಕೆಳಗಿನ ಅಂತಸ್ತಿನ ರಬ್ಬರ್ ಮೀನುಗಳನ್ನು ಒಂದೊಂದೇ ತೆಗೆದು ಹಾಸಿಗೆಯ ಮೇಲೆ ಇಟ್ಟರು. ಮರದವನ್ನು ಮುಟ್ಟಲಿಲ್ಲ. ಆಟವಾಡುತ್ತಿದ್ದಾರೆ ಅಂದುಕೊಂಡು, ಮುಗಿದ ಮೇಲೆ ಎಲ್ಲವನ್ನೂ ಬಾಚಿ ತಿರುಗಿ ಪೆಟ್ಟಿಗೆಗೆ ತುಂಬಿದೆ.

"ಇಜ್ಜಿ."

ಮತ್ತೆ ತೆಗೆದರು. ಹೊರಗೆ ಬಿಟ್ಟರೆ ಅವು ಕಳೆದುಹೋಗುತ್ತವೆ ಎಂದು ಹೇಳಿ ನಾನು ಮತ್ತೆ ತುಂಬಿದೆ. ಮತ್ತೆ ತೆಗೆದರು. ಹಣೆಯಲ್ಲಿ ಬೆವರು. ಒಂದು ಮೀನಿನ ಕೊಕ್ಕೆ ಬೆರಳಿಗೆ ಚುಚ್ಚಿ ರಕ್ತ ಬಂತು. ನನ್ನ ಕೈ ಎದ್ದಿತು.

ಹಾಗೆ ಎದ್ದ ಕೈ ಅಲ್ಲೇ ನಿಂತಿತು. ಎರಡೂ ಕೈಗಳನ್ನು ತೊಡೆಯ ಅಡಿಯಲ್ಲಿ ಹಾಕಿಕೊಂಡು ಕೂತೆ.

ಅವರು ಬೆರಳನ್ನು ಅಂಗಿಗೆ ಒರೆಸಿ ಮುಂದುವರಿಸಿದರು. ಕೊನೆಯ ರಬ್ಬರ್ ಮೀನೂ ಹೊರಗೆ ಬಂತು. ಪೆಟ್ಟಿಗೆಯಲ್ಲಿ ಹೊಳೆಯ ಮರದ ಮೀನುಗಳು ಮಾತ್ರ. ಮುಚ್ಚಳ ಒತ್ತಿ ಕೊಂಡಿ ಹಾಕಲು ಹೆಬ್ಬೆರಳು ಎಷ್ಟೋ ಸಲ ಜಾರಿತು, ಕೊನೆಗೆ ಟಕ್ ಎಂದು ಕೂತಿತು. ಪೆಟ್ಟಿಗೆಯನ್ನು ತಮ್ಮ ಸೂಟ್‌ಕೇಸಿನ ಕಡೆ ದೂಡಿದರು. ರಬ್ಬರ್ ಮೀನುಗಳನ್ನು ಹಾಸಿಗೆಯ ಮೇಲಿಂದ ಗುಡಿಸಿದಂತೆ ನನ್ನ ಮಡಿಲಿಗೆ ತಳ್ಳಿದರು. ಒಂದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿ ಮುಚ್ಚಿದರು.

ಕೇಳಿದೆ, "ನಾನು ಇಲ್ಲೇ ಇರ್ಬೇಕಾ?"

ಇಜ್ಜಿ ಅನ್ನಲಿಲ್ಲ. ಬಾಯಿ ತೆರೆದರೆ ಅದೇ ಬಂದೀತು ಎಂದು ತುಟಿ ಬಿಗಿಹಿಡಿದಿದ್ದರು. ನನ್ನ ಮುಷ್ಟಿಯನ್ನು ಇನ್ನೊಮ್ಮೆ ಒತ್ತಿದರು.

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ತಿಂಗಳು ಮಗುವಿನಂತೆ ನೋಡಿಕೊಂಡವಳಿಗೆ ಕೊಡುವುದು ಒಂದು ಮಡಿಲು ರಬ್ಬರ್ ಮೀನು. ನಾನಿಲ್ಲದೆ ಇವರ ಇಜ್ಜಿ ಯಾರಿಗೆ ಅರ್ಥವಾಗುತ್ತದೆ? ನಾನಿಲ್ಲದೆ ಇವರಿಗೆ ನಡೆಯುತ್ತದೆಯೇ? ಅದನ್ನೆಲ್ಲ ಗಟ್ಟಿಯಾಗಿ ಕೇಳಿದೆ. ಅವರು ಕೇಳಿಸಿಕೊಂಡರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೆ ಪೆಟ್ಟಿಗೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಆಗ ನನಗೂ ಅಳು ಬಂತು. ತುಂಬ ಹೊತ್ತು ಅತ್ತೆವು, ಮೀನುಗಳನ್ನು ನಡುವೆ ಇಟ್ಟುಕೊಂಡು.

ಮೇ 18

ಮ್ಯಾನೇಜರಿಗೆ ಹೇಳಿದೆ, ಕಾಗದ ಕೊಡುವುದಿಲ್ಲ.

ಮೇ 23, ಶುಕ್ರವಾರ

ಕಳಿಸಿ ಬಂದೆ. ಗಾಲಿಕುರ್ಚಿಯನ್ನು ಬೀರಾನಾಕ ತಳ್ಳಿದರು. ಬಾಗಿಲ ಆಚೆ ಹೋಗುವಾಗ ಇವರು ತಿರುಗಲಿಲ್ಲ, ಎಡಗೈ ಮಾತ್ರ ಎತ್ತಿದರು. ತಿರುಗಿದ್ದರೆ ನಾನು ಓಡುತ್ತಿದ್ದೆ.

ಮನೆಯಲ್ಲಿ ಒಬ್ಬಳೇ. ಅನ್ನ ಮಾಡಲಿಲ್ಲ.

ಜುಲೈ 11, ಶುಕ್ರವಾರ

ಬೆಳಕು ಹರಿಯುವ ಮೊದಲೇ ಬೆವರು. ಆದರೂ ಹೋದೆ. ಊರಿಂದ ತಿರುಗಿ ಬಂದ ಬೀರಾನಾಕನೂ ಇದ್ದರು. ಒಂದು ಸಣ್ಣ ಹಮೂರ್ ಬಿತ್ತು, ಅಂಗೈಯಷ್ಟು. ಕೊಕ್ಕೆ ಬಿಡಿಸಿ ನೀರಿಗೆ ಹಾಕಿದೆ.

"ಎಂತ, ಬಿಟ್ಟಿರಾ?" ಅಂದರು ಬೀರಾನಾಕ.

ಅದಕ್ಕೆ ಇನ್ನೂ ಹೊಟ್ಟೆಯೇ ಬೆಳೆದಿರಲಿಲ್ಲ. ಸಾರಿಗೂ ಸಾಲದು. ಅಷ್ಟೇ.

ಅಕ್ಟೋಬರ್ 3, ಶುಕ್ರವಾರ

ಮಳೆಗಾಲ ಮುಗಿದು ಶಾಂಭವಿಯ ನೀರು ಇಳಿದಿದೆ. ದಸರಾ ರಜೆಯಲ್ಲಿ ಅಪೇಕ್ಷಾ ಮೂಲ್ಕಿಗೆ ಹೋಗಿದ್ದಾಳೆ. ನಾನು ಎಗೈಲಾದ ಕಲ್ಲಿನ ಮೇಲೆ ಕೂತಿದ್ದಾಗ ವಿಡಿಯೋ ಕಾಲ್ ಬಂತು.

ಹೊಳೆಯ ಕರೆ, ತೆಂಗಿನ ಮರದ ನೆರಳು, ಪೈಪು ಕಟ್ಟಿದ ಅದೇ ಕುರ್ಚಿ. ಇವರು ಸ್ವಲ್ಪ ಕಪ್ಪಾಗಿದ್ದಾರೆ. ಎಸೆದುಕೊಡುವವಳು ಮಗಳು. "ಲುಕ್ ಅಮ್ಮಾ, ದ ರೆಡ್ ಹೆಡ್" ಎಂದು ಮರದ ಮೀನನ್ನು ತೋರಿಸಿ ಬೀಸಿದಳು, ಬಾಗಿದ ಕಾಂಡ್ಲದ ಗಿಡದ ಬುಡದಲ್ಲಿಯೇ ಬಿತ್ತು. ಇಳಿಯುವ ನೀರು ಅದನ್ನು ಜೀವವಿರುವ ಹಾಗೆ ಆಡಿಸಿತು. ಇವರು ಹಿಡಿ ತಿರುಗಿಸುವುದು, ನಿಲ್ಲಿಸುವುದು. ನಾನು ಇಲ್ಲಿಂದ ನೋಡುತ್ತಿದ್ದೆ.

ನೀರು ಒಡೆಯಿತು. ಕೋಲು ಬಾಗಿ ಪೈಪು ಕಿರುಗುಟ್ಟಿದ್ದು ಇಲ್ಲಿಗೆ ಕೇಳಿಸಿತು. ಕುರುಡಿ ಎಂದರೆ ಕುರುಡಿ, ಒಮ್ಮೆ ಇಡೀ ಮೈ ಗಾಳಿಗೆ ಎತ್ತಿ ತಲೆ ಕೊಡವಿತು. ಇವರ ಕೈ ಜಾರಿತು. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ಅಪ್ಪಿಯಕ್ಕ ಓಡಿ ಬಂದರು. ಸೀರೆ ಸೊಂಟಕ್ಕೆ ಸಿಕ್ಕಿಸಿ ಕೋಲಿಗೆ ಕೈ ಚಾಚಿದರು.

"ಅಕ್ಕಾ, ಮುಟ್ಟಬೇಡಿ" ಅಂದೆ.

ನನ್ನ ದನಿಗೆ ಪಕ್ಕದ ಬೀರಾನಾಕ ತಿರುಗಿ ನೋಡಿದರು.

"ಮೀನು ಹೋಗ್ತದಲ್ಲ ಮಾರಾಯ್ತಿ, ಕಾಣುದಿಲ್ವಾ ನಿಂಗೆ?" ಅಪ್ಪಿಯಕ್ಕನ ಕೈ ಇನ್ನೂ ಗಾಳಿಯಲ್ಲಿ.

"ಹೋಗ್ಲಿ ಅಕ್ಕ. ಅದು ಅವರದ್ದು."

ಅಪ್ಪಿಯಕ್ಕ ಕೈ ಹಿಂದೆ ತೆಗೆದರೋ ಇಲ್ಲವೋ, ಫೋನಿನ ಪರದೆಯ ಮೇಲೆ ಆಕಾಶ ಕಂಡಿತು, ಅಪೇಕ್ಷಾಳ ಕಿರುಚು ಕೇಳಿತು, ಕಾಲ್ ಕಡಿದುಹೋಯಿತು.

ತಿರುಗಿ ಫೋನ್ ಮಾಡಲು ಬೆರಳು ಹೋಯಿತು. ಮಾಡಲಿಲ್ಲ. ಅವರ ಕೆಲಸ ಮುಗಿಯಲಿ ಎಂದು ಫೋನನ್ನು ಚೀಲಕ್ಕೆ ಹಾಕಿ ಹೊಗೆ ಬಣ್ಣದ ರಬ್ಬರ್ ಕಟ್ಟಿದೆ, ಎಸೆದೆ, ತಳ ಮುಟ್ಟುವ ತನಕ ಬಿಟ್ಟೆ.

ಬಿಸಿಲೇರಿದ ಮೇಲೆ ನೋಡಿದರೆ ಒಂದು ಫೋಟೋ ಬಂದಿತ್ತು. ಅದರಲ್ಲಿ ಮೀನು ಇರಲಿಲ್ಲ. ಕುರುಡಿಯ ಎಳೆತಕ್ಕೆ ಕೊಕ್ಕೆ ನೆಟ್ಟಗಾದ ಒದ್ದೆ ಮರದ ಮೀನನ್ನು ಎಡಗೈಯಲ್ಲಿ ಎತ್ತಿ ಹಿಡಿದು ಇವರು ನಗುತ್ತಿದ್ದಾರೆ. ಅಂಗಿಯ ಗುಂಡಿ ಒಂದು ಮೇಲೆ ಕೆಳಗಾಗಿದೆ, ಯಾರೂ ಸರಿ ಮಾಡಿಲ್ಲ.